ಇಪ್ಪತ್ತೊಂದು ಇಂಚಿನ ಗಾಲಿಯೂ ಭಟ್ಟರ ಸವಾರಿಯೂ

ನಾನು ಮೆಕ್ಯಾನಿಕಲ್ ಎಂಜಿನಿಯರ್. ಹಾಗೆಂದು ನನ್ನ ಪದವಿಪತ್ರ ಹೇಳುತ್ತದೆ. ಓದು ಮುಗಿದ ಮೇಲೆ ಮಾಡಿದ್ದೆಲ್ಲ ಕಂಪ್ಯೂಟರ್ ಕೆಲಸವೇ ಆದ್ದರಿಂದ ನಾನಾಗಿ ಒಂದು ನಟ್ಟನ್ನೂ ತಿರುಗಿಸಿದವನಲ್ಲ. ಆದರೆ ಯಾವ ಯಂತ್ರ ಕಣ್ಣಿಗೆ ಬಿದ್ದರೂ ‘ಇದರೊಳಗೆ ಏನು ನಡೆಯುತ್ತಿರಬಹುದು?’ ಎಂಬ ಕುತೂಹಲ ಮಾತ್ರ ನನ್ನನ್ನು ಬಿಟ್ಟಿಲ್ಲ. ಈ ಕುತೂಹಲಕ್ಕೆ ನಮ್ಮ ಮನೆಯಲ್ಲಿ ಬಲಿಯಾದ ವಸ್ತುಗಳ ವಿವರವನ್ನು ನನ್ನ ಹೆಂಡತಿ ವಸುಧಾ ಕೇಳಿದವರಿಗೆಲ್ಲ ಹೇಳುತ್ತಾಳೆ. ಕೇಳದವರಿಗೂ ಹೇಳುತ್ತಾಳೆ.

ನ್ಯೂ ಜೆರ್ಸಿಯ ಮನ್ರೋದಲ್ಲಿ ಮನೆ ಮಾಡಿದ ಮೇಲೆ ನಾವು ಎಲೆಕ್ಟ್ರಿಕ್ ಕಾರು ಕೊಂಡೆವು. ಮಾರುವ ಹುಡುಗಿ ವಿನಯದಿಂದ ಕೇಳಿದಳು: ಗಾಲಿ ಹತ್ತೊಂಬತ್ತು ಇಂಚಿನದು ಬೇಕೋ, ಇಪ್ಪತ್ತೊಂದು ಇಂಚಿನದೋ? ಇದೂ ಒಂದು ಪ್ರಶ್ನೆಯೇ! ನಾನು ಇಪ್ಪತ್ತೊಂದಕ್ಕೆ ಬೆರಳು ತೋರಿಸಿದೆ.

“ಏನ್ರೀ ವ್ಯತ್ಯಾಸ?” ಎಂದಳು ವಸುಧಾ.

“ಇದು ದೊಡ್ಡದು.”

“ಅದು ಕಾಣ್ತಿದೆ. ಉಪಯೋಗ ಏನು ಅಂದೆ.”

“ಗಾಂಭೀರ್ಯ ಇರುತ್ತೆ ಕಣೇ.”

ಅವಳು ಬಗ್ಗಿ ಗಾಲಿಯನ್ನು ಎರಡೂ ಕಡೆಯಿಂದ ನೋಡಿದಳು. “ರಿಮ್ ಇಷ್ಟು ದೊಡ್ಡದು, ಸುತ್ತ ಟೈರು ಮಾತ್ರ ಪೇಪರ್ ದೋಸೆ ಥರ ಇದೆಯಲ್ರೀ! ಗುಂಡಿಗೆ ಇಳಿದರೆ ಏಟು ಯಾವುದಕ್ಕೆ ಬೀಳುತ್ತೆ?”

ನಾನು ನಕ್ಕೆ. “ಅಲಾಯ್ ಕಣೇ ಇದು! ವಿಮಾನಕ್ಕೆ ಹಾಕೋ ಲೋಹ!”

ಮಾರುವ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ನನ್ನ ಮಾತನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ.

ಮೊದಲ ಚಳಿಗಾಲ ಕಳೆಯಿತು. ಹಿಮ ಹೋಗಿ ರಸ್ತೆಗಳ ಮೇಲೆ ಗುಂಡಿಗಳು ಬಾಯಿ ತೆರೆದವು. ಒಂದು ಸಂಜೆ ಮಳೆಯಲ್ಲಿ ಇಂಡಿಯನ್ ಅಂಗಡಿಯಿಂದ ವಾಪಸಾಗುತ್ತಿದ್ದಾಗ, ನೀರು ತುಂಬಿ ರಸ್ತೆಯಂತೆಯೇ ನಟಿಸುತ್ತಿದ್ದ ಒಂದು ಗುಂಡಿಗೆ ಕಾರು ಇಳಿಯಿತು. ಧಡ್! ಬ್ಯಾಟರಿಯ ಭಾರವನ್ನೆಲ್ಲ ಹೊತ್ತ ಕಾರು, ಕೆಳಗೆ ದೋಸೆಯಂಥ ಟೈರು. ಹಿಂದಿನ ಸೀಟಿನಲ್ಲಿದ್ದ ಮೊಸರಿನ ಡಬ್ಬಿ ಮುಂದಿನ ಸೀಟಿಗೆ ಬಂತು. ಮನೆಗೆ ಬಂದು ನಾಲ್ಕೂ ಗಾಲಿಗಳನ್ನು ನೋಡಿದೆ. ಹೊರಗಡೆ ಒಂದು ಗೀರೂ ಇಲ್ಲ!

“ನೋಡಿದ್ಯಾ?” ಎಂದೆ.

“ಮೊಸರು ಒರೆಸಿ,” ಎಂದಳು.

ಮಾರನೆಯ ಬೆಳಿಗ್ಗೆ ಕಾರಿನ ಪರದೆಯ ಮೇಲೆ ಹಳದಿ ಗುರುತು: ಬಲಗಡೆಯ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ. ತುಂಬಿಸಿದೆ. ಅದರ ಮಾರನೆಯ ಬೆಳಿಗ್ಗೆ ಮತ್ತೆ ಅದೇ ಗುರುತು. ಟೈರಿಗೆ ಮೊಳೆ ಚುಚ್ಚಿರಲಿಲ್ಲ. ಹರಿದಿರಲಿಲ್ಲ. ಹಾಗಾದರೆ ಗಾಳಿ ಹೋಗುತ್ತಿರುವುದು ಎಲ್ಲಿಂದ? ನನಗೆ ಊಟ ರುಚಿಸದಾಯಿತು. ಚಿಂತೆಯಿಂದಲ್ಲ, ಕುತೂಹಲದಿಂದ!

“ಟೈರ್ ಅಂಗಡಿಗೆ ತಗೊಂಡು ಹೋಗಿ ತೋರಿಸ್ರೀ,” ಎಂದಳು ವಸುಧಾ.

“ತೋರಿಸೋಣ. ಆದ್ರೆ ಗಾಳಿ ಎಲ್ಲಿಂದ ಹೋಗ್ತಿದೆ ಅಂತ ಮೊದಲು ಗೊತ್ತಾಗಬೇಕಲ್ಲ?”

“ಅದು ಗೊತ್ತಾಗಲಿ ಅಂತಲೇ ಅಲ್ವಾ ಅಂಗಡಿಗೆ ಹೋಗೋದು?”

ತರ್ಕ ಸರಿಯಾಗಿತ್ತು. ಆದ್ದರಿಂದಲೇ ನನಗೆ ಹಿಡಿಸಲಿಲ್ಲ.

ಶನಿವಾರ ತನಿಖೆ ಆರಂಭಿಸಿದೆ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಬೆರೆಸಿ ಗಾಲಿಯ ಮೇಲೆಲ್ಲ ಸಿಂಪಡಿಸಿದೆ. ಗಾಳಿ ಹೊರಬರುವ ಕಡೆ ಗುಳ್ಳೆ ಏಳಬೇಕು, ಇದು ಶಾಸ್ತ್ರ. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ಗಾಲಿ ಮಾತ್ರ ಫಳಫಳ ಹೊಳೆಯಿತು.

ಪಕ್ಕದ ಮನೆಯ ಡಾಕ್ಟರ್ ದೇಸಾಯಿಯವರು ಕಾಫಿ ಲೋಟ ಹಿಡಿದು ಹೊರಗೆ ಬಂದರು. ಧಾರವಾಡದವರು, ಹೃದ್ರೋಗ ತಜ್ಞರು. “ಏನ್ರಿ ರಾಯರ, ಕಾರಿಗೆ ಅಭ್ಯಂಜನ ಮಾಡಸ್ಲಿಕತ್ತೀರೇನು?” ಎಂದರು.

ನಾನು ಸಮಸ್ಯೆಯನ್ನು ವಿವರಿಸಿದೆ. ಅವರ ಕಣ್ಣುಗಳು ಅರಳಿದವು. ಮನುಷ್ಯನಿಗೆ ನನ್ನಂಥದೇ ಚಪಲವೆಂದು ಆಗ ತಿಳಿಯಿತು. “ತಡೀರಿ, ಸ್ಟೆತಸ್ಕೋಪ್ ತರ್ತೀನಿ!” ಎಂದು ಓಡಿದರು.

ಹೀಗೆ ನಮ್ಮ ಮನೆ ಮುಂದಿನ ಡ್ರೈವ್‌ವೇನಲ್ಲಿ, ಯೋಗದ ಚಾಪೆಯ ಮೇಲೆ ಮಲಗಿ, ಹೆಸರಾಂತ ಹೃದ್ರೋಗ ತಜ್ಞರೊಬ್ಬರು ನಮ್ಮ ಕಾರಿನ ಗಾಲಿಯನ್ನು ಪರೀಕ್ಷಿಸಿದರು. ಅಭ್ಯಾಸಬಲದಿಂದ ಒಮ್ಮೆ “ಉಸಿರು ಜೋರಾಗಿ ತಗೋರಿ” ಎಂದೂ ಹೇಳಿದರು. ನಾನು ತೆಗೆದುಕೊಂಡೆ. ನಮ್ಮ ಮಗಳು ಅನಘಾ ಬಾಗಿಲಿಗೆ ಬಂದು ನೋಡಿದಳು. “ಅಪ್ಪಾ, ಪ್ಲೀಸ್, ಜಸ್ಟ್ ಟೇಕ್ ಇಟ್ ಟು ಎ ಶಾಪ್,” ಎಂದು ಹೇಳಿ, ಎದುರು ಮನೆಯವರಿಗೆ ಕಾಣದಂತೆ ಬಾಗಿಲು ಹಾಕಿಕೊಂಡಳು.

“ಸುಯ್ ಅಂತದರಿ!” ಎಂದರು ದೇಸಾಯಿಯವರು ಎದ್ದು ಕೂತು. “ವಾಲ್ವ್‌ದಾಗ ಲೀಕ್ ಅದ. ಖಾತ್ರಿ!”

ಜೀವನವಿಡೀ ಹೃದಯ ನೋಡಿದವರು. ಅವರ ಪಾಲಿಗೆ ಸೋರುವುದೆಂದರೆ ವಾಲ್ವೇ! ನನಗೆ ಆಗ ಅದು ಹೊಳೆಯಲಿಲ್ಲ. ಗಾಳಿ ತುಂಬಿಸುವ ವಾಲ್ವಿಗೆ ಹೊಸ ಪಿನ್ನು ತಂದು ಹಾಕಿದೆ. ಮಾರನೆಯ ಬೆಳಿಗ್ಗೆ ಹಳದಿ ಗುರುತು ತಪ್ಪದೆ ಹಾಜರಾಯಿತು.

ಹಾಳಾಗಲಿ, ಸ್ಟೆಪ್ನಿ ಹಾಕೋಣವೆಂದು ಡಿಕ್ಕಿ ತೆಗೆದೆ. ನೆಲಹಾಸು ಎತ್ತಿದೆ, ಅದರ ಕೆಳಗಿನ ಹಲಗೆಯನ್ನೂ ಎತ್ತಿದೆ. ಸ್ಟೆಪ್ನಿಯೇ ಇಲ್ಲ! ಇಂಥ ಕಾರುಗಳಲ್ಲಿ ಅದನ್ನು ಇಡುವುದೇ ಇಲ್ಲವಂತೆ. ಅದರ ಬದಲು ಒಂದು ಪುಟ್ಟ ಗಾಳಿಪಂಪು, ಒಂದು ಬಾಟಲಿ ಬಿಳಿ ಅಂಟು. ವಾಲ್ವಿನ ಮೂಲಕ ಅಂಟನ್ನು ಒಳಗೆ ಬಿಟ್ಟರೆ ತೂತು ಮುಚ್ಚಿಕೊಳ್ಳುತ್ತದೆ. ‘ತುರ್ತು ಪರಿಸ್ಥಿತಿಯಲ್ಲಿ ಮಾತ್ರ, ಕೂಡಲೇ ಅಂಗಡಿಗೆ ಹೋಗಿ’ ಎಂದು ಬಾಟಲಿಯ ಮೇಲೆ ಬರೆದಿತ್ತು. ನನ್ನ ಪರಿಸ್ಥಿತಿ ತುರ್ತಾಗಿಯೇ ಇದೆ ಎಂದು ತೀರ್ಮಾನಿಸಿ ಇಡೀ ಬಾಟಲಿ ಬಗ್ಗಿಸಿದೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ಹಳದಿ ಗುರುತು ಮಾಯ! ಪರದೆಯ ಮೇಲೆ ಗಾಳಿಯ ಒತ್ತಡ ಎಷ್ಟಿರಬೇಕೋ ಅಷ್ಟೇ ಇದೆ. ಸಂಜೆಯೂ ಅಷ್ಟೇ. ಮಾರನೆಯ ದಿನವೂ ಅಷ್ಟೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಆಪರೇಷನ್ ಸಕ್ಸಸ್!” ಎಂದು ದೇಸಾಯಿಯವರಿಗೆ ಬೇಲಿಯಾಚೆಯಿಂದಲೇ ಕೂಗಿದೆ.

“ನಾ ಹೇಳಿದ್ನಲ್ಲಾ, ವಾಲ್ವ್ ಅಂತ!” ಎಂದು ಅವರೂ ಕೂಗಿದರು.

ಇಷ್ಟಕ್ಕೇ ನಿಂತಿದ್ದರೆ ಇದು ನಮ್ಮ ಮನೆಯ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ಆ ವಾರವೇ ನನ್ನ ಗೆಳೆಯ ನಾಗರಾಜನ ಮಗಳ ಮದುವೆ. ಛತ್ರ ನಮ್ಮ ಮನೆಗೆ ಹತ್ತಿರ. ಪುರೋಹಿತರು ಮಾತ್ರ ಪಕ್ಕದ ರಾಜ್ಯದಲ್ಲಿರುವ ದೂರದ ಹಿಕ್ಸ್‌ವಿಲ್‌ನವರು. ಅನಂತ ಭಟ್ಟರೆಂದು, ಉಡುಪಿ ಕಡೆಯವರು. ಅವರಿಗೆ ಡ್ರೈವಿಂಗ್ ಬರದು. ನಾಗರಾಜನಿಗೆ ಅವರಲ್ಲದೆ ಬೇರೆಯವರು ಆಗದು. ಬೆಳಿಗ್ಗೆ ಹೋಗಿ ಭಟ್ಟರನ್ನು ಕರೆತರುವ ಹೊಣೆಯನ್ನು ನಾನು ಕೇಳಿ ವಹಿಸಿಕೊಂಡೆ.

“ನನ್ನ ಹಳೇ ಕಾರ್ ತಗೊಂಡು ಹೋಗಿ,” ಎಂದಳು ವಸುಧಾ.

“ಮದುವೆ ಮಾಡಿಸೋ ಭಟ್ಟರನ್ನ ಆ ಡಬ್ಬದಲ್ಲಿ ಕೂರಿಸ್ಕೊಂಡು ಬರ್ಲಾ? ಒತ್ತಡ ಎಷ್ಟು ಸ್ಥಿರವಾಗಿದೆ ಗೊತ್ತಾ?”

“ನಿಮ್ಮದಾ, ಟೈರಿನದಾ?” ಎಂದಳು.

ಹೋಗುವಾಗ ಸ್ಟೀರಿಂಗ್ ಸ್ವಲ್ಪ ನಡುಗಿದ್ದು ನಿಜ. ರೇಷ್ಮೆ ಪಂಚೆ ಉಟ್ಟು ಡ್ರೈವ್ ಮಾಡಿ ಅಭ್ಯಾಸವಿಲ್ಲದ್ದರಿಂದ ಹಾಗನ್ನಿಸುತ್ತಿದೆ ಎಂದುಕೊಂಡೆ. ಭಟ್ಟರು ಶಾಲು ಹೊದ್ದು, ಚೀಲ ಹಿಡಿದು ಮನೆಯ ಮುಂದೆಯೇ ನಿಂತಿದ್ದರು. ಕಾರೊಳಗೆ ಕೂತು ಸುತ್ತಲೂ ನೋಡಿದರು.

“ಇದು ಶುರು ಆಗಿದೆಯಾ ಮಾರಾಯ್ರೇ?”

“ಹೊರಟೇಬಿಟ್ಟಿದ್ದೀವಿ, ಭಟ್ಟರೇ.”

“ಹೌದಲ್ಲ! ಪೆಟ್ರೋಲ್ ಇಲ್ಲ, ಗೇರ್ ಇಲ್ಲ, ಶಬ್ದವೂ ಇಲ್ಲ. ಹಾಗಾದ್ರೆ ಇದ್ರಲ್ಲಿ ಹಾಳಾಗ್ಲಿಕ್ಕೆ ಎಂತ ಉಂಟು?”

“ಏನೂ ಇಲ್ಲ!” ಎಂದೆ ಎದೆಯುಬ್ಬಿಸಿ.

ಬ್ರೂಕ್ಲಿನ್ ಹತ್ತಿರ ಬರುವಾಗ ನಡುಕ ಹೆಚ್ಚಾಯಿತು. ಭಟ್ಟರ ಚೀಲದೊಳಗಿನ ತಾಮ್ರದ ಪಂಚಪಾತ್ರೆ ತಾನಾಗಿಯೇ ಕಿಣಿಕಿಣಿ ಎನ್ನತೊಡಗಿತು.

“ಈ ನಡುಕ ಎಂತದು?”

“ರಸ್ತೆ ಸರಿಯಿಲ್ಲ, ಭಟ್ಟರೇ.”

ದೊಡ್ಡ ಸೇತುವೆ ಹತ್ತಿದೆವು. ಭಟ್ಟರು ಕಿಟಕಿಯಿಂದ ಬಗ್ಗಿ ನೋಡಿದರು. “ಈಗ ರಸ್ತೆ ಸರಿ ಉಂಟಲ್ಲ?”

“ಸೇತುವೆ ಮೇಲೆ ಗಾಳಿ ಜಾಸ್ತಿ.”

“ಅಗೋ, ಆ ಬಾವುಟ ಅಲ್ಲಾಡುದಿಲ್ಲ ಮಾರಾಯ್ರೇ.”

ಮನುಷ್ಯ ಬಹಳ ಸೂಕ್ಷ್ಮ. ನಾನು ಪರದೆಯನ್ನೇ ತೋರಿಸಿದೆ. “ನೀವೇ ನೋಡಿ, ನಾಲ್ಕೂ ಟೈರಿನಲ್ಲಿ ಒತ್ತಡ ಸರಿಯಾಗಿದೆ.” ಹಾಗೆ ಹೇಳಿ ಸೇತುವೆ ಇಳಿದು ಸ್ಟೇಟನ್ ಐಲೆಂಡ್ ಸೇರಿದೆವೋ ಇಲ್ಲವೋ, ಹಿಂದುಗಡೆಯಿಂದ ದಬ ದಬ ದಬ ದಬ! ಹೇಗೋ ಪಕ್ಕದ ದಾರಿಗಿಳಿದು ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಲ್ಲಿಸಿದೆ.

ಟೈರು ನೆಲಕ್ಕೆ ಅಂಟಿಕೊಂಡಿತ್ತು. ಅದರ ಒಳಬದಿಯಿಂದ ಬಿಳಿ ಅಂಟು ಗಂಜಿಯಂತೆ ಸೋರುತ್ತಿತ್ತು. ಕಾರಿನ ಪರದೆ ಮಾತ್ರ ಆ ಟೈರಿನಲ್ಲಿ ಗಾಳಿ ಭರ್ತಿ ಇದೆಯೆಂದು ತೋರಿಸುತ್ತಲೇ ಇತ್ತು!

ಭಟ್ಟರು ಟೈರು ನೋಡಿದರು, ಪರದೆ ನೋಡಿದರು, ಮತ್ತೆ ಟೈರು ನೋಡಿದರು. “ಟೈರಲ್ಲಿ ಇಲ್ಲದ ಗಾಳಿ ಟೀವಿಯಲ್ಲಿ ಉಂಟಲ್ಲ!” ಎಂದರು.

ಆಗ ನನ್ನ ಎಂಜಿನಿಯರಿಂಗ್ ವಿದ್ಯೆ ನಿದ್ದೆಯಿಂದೆದ್ದು ಆಕಳಿಸಿತು. ಗಾಲಿಯೊಳಗೆ ಒತ್ತಡ ಅಳೆಯುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ನಾನು ಬಗ್ಗಿಸಿದ ಅಂಟು ತೂತನ್ನು ಅರೆಬರೆ ಮುಚ್ಚಿ, ಸೆನ್ಸರಿನ ಬಾಯನ್ನು ಪೂರ್ತಿ ಮುಚ್ಚಿತ್ತು. ಚಳಿಗೂ ಬಿಸಿಲಿಗೂ ಅಲುಗದ ಒತ್ತಡ ಸ್ಥಿರವಾದದ್ದಲ್ಲ, ಸತ್ತದ್ದು! ಒಂದೇ ಕಡೆ ಗಟ್ಟಿಯಾಗಿ ಕೂತ ಅಂಟಿನಿಂದ ಗಾಲಿಯ ತೂಕ ತಪ್ಪಿ ನಡುಕ ಬಂದಿತ್ತು. ಎಲ್ಲವೂ ಅರ್ಥವಾಯಿತು. ಒಂದನ್ನು ಬಿಟ್ಟು. ಸೋರುವುದು ಎಲ್ಲಿಂದ?

ರೇಷ್ಮೆ ಪಂಚೆಯನ್ನು ಮೇಲೆ ಕಟ್ಟಿ ಅಲ್ಲಿಯೇ ನೆಲದ ಮೇಲೆ ಅಂಗಾತ ಮಲಗಿ ಕಾರಿನಡಿ ತಲೆ ತೂರಿಸಿದೆ. ರಿಮ್ಮಿನ ಒಳಬದಿಯಲ್ಲಿ, ಹೊರಗಿನಿಂದ ಎಂದೂ ಕಾಣದ ಜಾಗದಲ್ಲಿ, ಪೆನ್ಸಿಲಿನಲ್ಲಿ ಎಳೆದಂಥ ಒಂದು ಗೆರೆ. ಬಿರುಕು! ಆ ಸಂಜೆಯ ಗುಂಡಿ ವಿಮಾನದ ಲೋಹವನ್ನು ಸೀಳಿತ್ತು.

“ಸಿಕ್ತು! ಭಟ್ಟರೇ, ಸಿಕ್ತು!” ಎಂದು ಕಾರಿನಡಿಯಿಂದಲೇ ಕೂಗಿದೆ.

“ಸಿಕ್ಕಿದ್ದು ಒಳ್ಳೇದೇ ಆಯ್ತು,” ಎಂದಿತು ಭಟ್ಟರ ಧ್ವನಿ. “ಮುಹೂರ್ತ ಎಂತ ಮಾಡುದು?”

ಕಾರಿನಡಿಯಿಂದ ತೆವಳಿ ಹೊರಬಂದೆ. ಅಷ್ಟರಲ್ಲಿ ನಾಗರಾಜನ ಫೋನು. “ಎಲ್ಲಿದ್ದೀಯೋ? ಗಂಡಿನ ಕಡೆಯೋರು ಬಂದು ಕೂತಿದಾರೆ! ಭಟ್ಟರೆಲ್ಲಿ?” ಎಂದು ಅವನು ಕೂಗಿದ್ದು ಭಟ್ಟರಿಗೂ ಕೇಳಿಸಿತು. “ಬಂದ್ವಿ, ಬಂದ್ವಿ,” ಎಂದು ಫೋನ್ ಕಟ್ ಮಾಡಿದೆ. ಟ್ಯಾಕ್ಸಿ ಕರೆದೆ. ರಾಜ್ಯದ ಗಡಿ ದಾಟಿ ನ್ಯೂ ಜೆರ್ಸಿಗೆ ಹೋಗಬೇಕೆಂದು ತಿಳಿದದ್ದೇ ತಡ, ಒಬ್ಬರಾದ ಮೇಲೊಬ್ಬರು ಕ್ಯಾನ್ಸಲ್ ಮಾಡಿದರು. ಕೊನೆಗೆ ಬಂದದ್ದು ಕಾರು ಎಳೆಯಲು ಕರೆದಿದ್ದ ಟೋ ಟ್ರಕ್ಕು. ಅದರ ಡ್ರೈವರು ನನ್ನ ಕಾರನ್ನು ಮೇಲೇರಿಸಿ ಕಟ್ಟಿ, ಯಾವ ಗ್ಯಾರೇಜಿಗೆ ಎಂದು ಕೇಳಿದ.

“ಮದುವೆ ಮನೆಗೆ,” ಎಂದೆ.

ಅವನು ನನ್ನ ಪಂಚೆ, ಅದರ ಮೇಲಿನ ಗ್ರೀಸು, ಭಟ್ಟರ ಶಾಲು ಎಲ್ಲವನ್ನೂ ನೋಡಿ, ಮರುಮಾತಿಲ್ಲದೆ ಬಾಗಿಲು ತೆರೆದ. ಭಟ್ಟರು ಚೀಲವನ್ನು ಮೊದಲು ಹತ್ತಿಸಿ ತಾವೂ ಹತ್ತಿ ಕೂತರು. “ಎಂತ ಎತ್ತರ ಮಾರಾಯ್ರೇ! ಎಲ್ಲ ಕಾಣ್ತದೆ!” ಎಂದು ಮಗುವಿನಂತೆ ಹಿಗ್ಗಿದರು. ದಾರಿಯುದ್ದಕ್ಕೂ ಯಾವ ಹಿಡಿಕೆ ಎಳೆದರೆ ಏನಾಗುತ್ತದೆಂದು ಡ್ರೈವರನನ್ನು ಕೇಳಿ ತಿಳಿದುಕೊಂಡರು. ನಾನು ಅವರಿಬ್ಬರ ನಡುವೆ ಮೊಣಕಾಲು ಮಡಿಸಿಕೊಂಡು ಗಡಿಯಾರ ನೋಡುತ್ತಾ ಕೂತಿದ್ದೆ.

ಮುಹೂರ್ತ ಇನ್ನೇನು ಹತ್ತಿರವಾಯಿತೆನ್ನುವಾಗ ಹಳದಿ ದೀಪ ಮಿನುಗಿಸುತ್ತಾ ಟ್ರಕ್ಕು ಛತ್ರದ ಅಂಗಳ ಪ್ರವೇಶಿಸಿತು. ಗಂಡಿನ ಕಡೆಯವರು ಪುರೋಹಿತರ ದಾರಿ ಕಾಯುತ್ತಾ ಹೊರಗೇ ನಿಂತಿದ್ದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಟ್ರಕ್ಕಿನ ಮೇಲೆ ಹೊಳೆಯುತ್ತಿದ್ದ ಕಾರು.

“ಅಯ್ಯೋ, ನಾವೇನೂ ಕೇಳಿರ್ಲಿಲ್ವಲ್ಲಾ!” ಎಂದರು ವರನ ಸೋದರತ್ತೆ, ಮುಖವೆಲ್ಲ ಹಿಗ್ಗಾಗಿ.

ನಾಗರಾಜ ಬೆವತುಹೋದ. “ಛೆ ಛೆ, ಅದು ಉಡುಗೊರೆ ಅಲ್ಲಮ್ಮಾ! ಅದು ಕೆಟ್ಟುಹೋಗಿರೋ ಕಾರು!”

“ಕೆಟ್ಟುಹೋಗಿರೋ ಕಾರು ಕೊಡ್ತಿದೀರಾ?”

ಈ ಕಗ್ಗಂಟನ್ನು ಬಿಡಿಸಿದವರು ಭಟ್ಟರು. ಮೇಲಿನಿಂದ ಜಿಗಿದು, “ಕಾರು ನಂತರ ನೋಡುವ, ಮೊದಲು ಹುಡುಗನನ್ನು ಕರೀರಿ!” ಎಂದು ಎಲ್ಲರನ್ನೂ ಒಳಗೆ ಅಟ್ಟಿದರು. ಮಾಂಗಲ್ಯಧಾರಣೆ ಸರಿಯಾದ ಹೊತ್ತಿಗೆ ಆಯಿತು. ಗ್ರೀಸು ಮೆತ್ತಿದ ಪಂಚೆಯಲ್ಲಿ ನಾನು ಕಂಬದ ಹಿಂದೆ ನಿಂತು ಅಕ್ಷತೆ ಎರಚಿದೆ. ವಸುಧಾ ನನ್ನನ್ನು ಗುರುತಿಸಲಿಲ್ಲ. ಬೇಕೆಂದೇ ಇರಬೇಕು.

ಬಿರುಕು ಬಿಟ್ಟ ರಿಮ್ಮನ್ನು ಬೆಸೆದು ಕೊಡಲು ಟೈರ್ ಅಂಗಡಿಯವರು ಒಪ್ಪಲಿಲ್ಲ. ಹಾಗೆ ಬೆಸೆದದ್ದು ಮತ್ತೆ ಒಡೆಯಬಹುದಂತೆ. ಉಳಿದ ಮೂರನ್ನೂ ಇಳಿಸಿ ನೋಡಿದಾಗ ಇನ್ನೊಂದರಲ್ಲೂ ಸಣ್ಣ ಗೆರೆ ಕಾಣಿಸಿತು. ನಾಲ್ಕನ್ನೂ ತೆಗೆಸಿ ಹತ್ತೊಂಬತ್ತು ಇಂಚಿನ, ದಪ್ಪ ಟೈರಿನ ಗಾಲಿ ಹಾಕಿಸಿದೆ. ಕಾರು ಈಗ ಮೆತ್ತಗೆ ಹೋಗುತ್ತದೆ, ಒಂದು ಚಾರ್ಜಿಗೆ ಮೊದಲಿಗಿಂತ ದೂರವೂ ಹೋಗುತ್ತದೆ. ಗಾಂಭೀರ್ಯ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ. ಮೊದಲು ಇತ್ತೆಂದೂ ಯಾರೂ ಹೇಳಿರಲಿಲ್ಲ.

ಮೊನ್ನೆ ನಾಗರಾಜ ಫೋನ್ ಮಾಡಿದ. ಹೊಸ ಮನೆಯ ಗೃಹಪ್ರವೇಶವಂತೆ, ಭಟ್ಟರು ಹಿಕ್ಸ್‌ವಿಲ್‌ನಿಂದ ಬರಬೇಕಂತೆ. ಇಷ್ಟಾದರೂ ಸ್ನೇಹಿತ ನನ್ನನ್ನೇ ನೆನೆಸಿಕೊಂಡನಲ್ಲ ಎಂದು ಕಣ್ಣು ತುಂಬಿಬಂತು.

“ಯೋಚನೆ ಮಾಡಬೇಡ, ಎಷ್ಟು ಹೊತ್ತಿಗೆ ಹೋಗಬೇಕು ಹೇಳು,” ಎಂದೆ.

“ನೀನು ಹೋಗೋದು ಬೇಡ ಮಾರಾಯ,” ಎಂದ ನಾಗರಾಜ. “ಭಟ್ಟರಿಗೆ ಆ ಟ್ರಕ್ಕೇ ಬೇಕಂತೆ. ಡ್ರೈವರ್ ನಂಬರ್ ಇದ್ರೆ ಕೊಡು.”

ಕೊಟ್ಟೆ.