ಭಾವನ ಹೊಗೆ ತೆರಿಗೆ

ತೆರಿಗೆ ಹಾಕುವ ಅಧಿಕಾರ ಸರ್ಕಾರಕ್ಕೆ ಮಾತ್ರ ಇದೆ ಎಂದು ನೀವು ನಂಬಿದ್ದರೆ, ನಿಮಗೆ ನನ್ನ ಅಕ್ಕನ ಗಂಡ ಗೊತ್ತಿಲ್ಲ. ಪುಣ್ಯವಂತರು! ಪೀಣ್ಯದಲ್ಲಿ ಎರಡು ಲೇತ್ ಮೆಷಿನ್ ಇಟ್ಟುಕೊಂಡು ಬೋಲ್ಟು ಮಾಡುತ್ತಿದ್ದ ಈ ಭಾವನಿಗೆ ಭೂಮಿಯ ಜ್ವರ ಇಳಿಸುವ ಹೊಣೆಯನ್ನು ಯಾರು ವಹಿಸಿದರೋ ಕಾಣೆ. ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಗಾಡಿ ಹೊಗೆ ಬಿಟ್ಟರೆ ದುಡ್ಡು ಕಟ್ಟಬೇಕೆಂದು ನೆಂಟರಿಷ್ಟರ ಮೇಲೆಲ್ಲ ‘ಹೊಗೆ ತೆರಿಗೆ’ ಜಾರಿ ಮಾಡಿಬಿಟ್ಟರು.

ಬ್ರೂಕ್‌ಫೀಲ್ಡ್‌ನಲ್ಲಿ ನನ್ನ ಫ್ಲ್ಯಾಟಿನ ಗೃಹಪ್ರವೇಶದ ದಿನ, ಬೀಗ ಹಾಕಿದ ಬಿಸ್ಕತ್ ಡಬ್ಬಿ ಹಿಡಿದು ಗೇಟಿನಲ್ಲೇ ನಿಂತರು. ನನ್ನ ಆಫೀಸಿನ ಬಾಸ್ ದೊಡ್ಡ ಕಾರಿನಲ್ಲಿ ಒಬ್ಬರೇ ಬಂದಿಳಿದರು.

“ಏಳು ಸೀಟು, ಒಂದೇ ತಲೆ! ಖಾಲಿ ಸೀಟಿಗೆ ತಲಾ ಹತ್ತು ರೂಪಾಯಿ ಹಾಕಿ ಸಾರ್.”

“ಇದ್ಯಾವ ಡಿಪಾರ್ಟ್‌ಮೆಂಟು?”

“ಮನೆ ಅಳಿಯನ ಡಿಪಾರ್ಟ್‌ಮೆಂಟು ಸಾರ್. ಅಪೀಲಿಗೆ ಅವಕಾಶ ಇಲ್ಲ.”

ಬಾಸ್ ಕಟ್ಟಿದರು. ಆ ವರ್ಷ ನನ್ನ ಪ್ರಮೋಷನ್ ಏನಾಯಿತೆಂದು ದಯವಿಟ್ಟು ಕೇಳಬೇಡಿ!

ತೆರಿಗೆ ದುಡ್ಡಿನಲ್ಲಿ ಉದ್ಯಮ ಕಟ್ಟುತ್ತೇನೆ, ಬಡವರಿಗೆ ಕೆಲಸ, ಭೂಮಿಗೆ ತಂಪು ಎನ್ನುವುದು ಅವರ ಭಾಷಣ. ಕಟ್ಟಿದ್ದೇನು? ಸೈಕಲ್ ತುಳಿದರೆ ತಿರುಗುವ ಮಿಕ್ಸಿ! ಕರೆಂಟೇ ಬೇಡವಂತೆ. ಎಲ್ಲರೆದುರು ತಾವೇ ತುಳಿದು ತೋರಿಸಲು ಹೋಗಿ, ಚಟ್ನಿ ಅರ್ಧ ಆಗುವಷ್ಟರಲ್ಲಿ ಏದುಸಿರು ಬಿಡುತ್ತ ನೆಲಕ್ಕೆ ಕೂತರು.

“ಚಟ್ನಿಗೆ ಹಾಕಿದ್ದು ಅರ್ಧ ಹೋಳು ಕಾಯಿ, ನಿಮಗೆ ಕುಡಿಸಿದ್ದು ಮೂರು ಎಳನೀರು. ಯಾವ ಸೀಮೆ ಉಳಿತಾಯ ಕಣ್ರೀ ಇದು?” ಎಂದಳು ಅಕ್ಕ.

ಆಮೇಲೆ ಬಂತು ಸ್ಟೀಲ್ ತಟ್ಟೆ. ಮದುವೆ ಮುಂಜಿಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಎಸೆಯುವ ಬದಲು ಸ್ಟೀಲ್ ತಟ್ಟೆ ಬಾಡಿಗೆಗೆ ಕೊಡುವುದು. ಎಂಜಲು ತೊಳೆಯುವುದೂ ಕೊಟ್ಟವರದೇ ಕೆಲಸ! ವರ್ಕ್‌ಶಾಪಿನ ಎದುರು ಕಟ್ಟಡ ಕೆಲಸಕ್ಕಿದ್ದ ಯಾದಗಿರಿ ಕಡೆಯ ಶಾಂತಮ್ಮ ಎಂಬಾಕೆಗೆ ಇಡೀ ಡಬ್ಬಿ ಸುರಿದು ಈ ವ್ಯಾಪಾರ ಹಾಕಿಕೊಟ್ಟರು.

“ನೆಂಟರನ್ನ ಸುಲಿದು ಪಾತ್ರೆ ಅಂಗಡಿ ಇಟ್ರಾ ಭಾವ?” ಎಂದು ನಾನು ಆಡಿಕೊಂಡೆ. ಅವರು ತಟ್ಟೆ ಎಣಿಸತೊಡಗಿದರು.

ಹೋದ ಏಪ್ರಿಲ್‌ನಲ್ಲಿ ಮಗಳ ನಾಮಕರಣವಿತ್ತು. ಅಕ್ಕನ ಕಾಟ ತಾಳಲಾರದೆ ತಟ್ಟೆ ಗೊತ್ತುಮಾಡಲು ಚಿಕ್ಕಬಾಣಾವರದ ಶಾಂತಮ್ಮನ ಅಂಗಡಿಗೆ ಹೋದೆ. ಶೀಟಿನ ನೆರಳಲ್ಲಿ ಮೂವರು ಹೆಂಗಸರು ತಟ್ಟೆ ಒರೆಸಿ ಜೋಡಿಸುತ್ತಿದ್ದರು. ಭಾವನ ಹೆಸರು ಹೇಳಿದ್ದೇ ತಡ, ಶಾಂತಮ್ಮ ನೀರು ಕೊಟ್ಟು ಕೂರಿಸಿದಳು.

“ಇದೆಲ್ಲ ಗಿಟ್ಟುತ್ತಾ ನಿಮಗೆ?” ಎಂದೆ, ಕೊಂಕಾಗಿಯೇ.

“ಗಿಟ್ಟೋದು ಇರ್ಲಿ ಅಣ್ಣಾ, ಜೀವ ಉಳದೈತ್ರಿ. ಆ ವರ್ಷ ಬಿಸಲಾಗ ಸಿಮೆಂಟ್ ಹೊರೂವಾಗ ಎಚ್ಚರ ತಪ್ಪಿ ಬಿದ್ದೆ. ಮೇಸ್ತ್ರಿ ನಾಟಕ ಅಂದ. ನಿಮ್ಮ ಭಾವ ಓಡಿಬಂದು ದವಾಖಾನಿಗೆ ಒಯ್ದ್ರು. ಕಣ್ ತೆರದು ನೋಡ್ತೀನಿ, ಬಾಜೂಕ ಕುಂತು ಅಳಾಕತ್ತಿದ್ರು. ‘ಇನ್ನು ಬಿಸಿಲಿಗೆ ಹೋಗ್ಬೇಡ ತಾಯಿ, ನೆರಳಲ್ಲಿ ಮಾಡೋ ಕೆಲಸ ನಾನು ಹುಡುಕ್ತೀನಿ’ ಅಂದ್ರು. ಮರುವಾರಾನೇ ಡಬ್ಬಿ ಹಿಡದು ಹೊಂಟ್ರಂತ ನೋಡ್ರಿ.”

ಭಾವ ನನಗೆ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿದ್ದಾದರೂ ಯಾವಾಗ?

ಹಿತ್ತಲಿನ ನಲ್ಲಿಯ ಕಡೆಯಿಂದ ತಟ್ಟೆಗಳ ಸದ್ದು ಬಂತು. ಅಂದು ತೊಳೆಯುವಾಕೆ ಬಂದಿರಲಿಲ್ಲವಂತೆ. ಪ್ಯಾಂಟನ್ನು ಮೊಣಕಾಲಿಗೆ ಮಡಿಸಿಕೊಂಡು, ಎಂಜಲು ತಟ್ಟೆಗಳ ರಾಶಿಯ ಮುಂದೆ ಭಾವ ಕೂತಿದ್ದರು. ನಾನು ಅಂಗಿಯ ತೋಳು ಮಡಚುತ್ತ ಹತ್ತಿರ ಹೋದೆ. ಅವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.