ಜಪಾನಿನ ಮೆಣಸೂ ನನ್ನ ಮರ್ಯಾದೆಯೂ

ಖಾರ ತಿನ್ನಲಾಗದ ಗಂಡಸಿಗೆ ಕರಾವಳಿಯಲ್ಲಿ ಹೆಣ್ಣು ಕೊಡಬಾರದೆಂಬ ಕಾನೂನೇನೂ ಇಲ್ಲ; ಇದ್ದಿದ್ದರೆ ನಾನು ಇಂದಿಗೂ ಬ್ರಹ್ಮಚಾರಿ. ಉಳ್ಳಾಲದ ಮಾವನ ಮನೆಯಲ್ಲಿ ಗಂಜಿಗೆ ಕುಳಿತವರೆಲ್ಲ ಹಸಿಮೆಣಸನ್ನು ಸೌತೆಕಾಯಿಯಂತೆ ಕಚ್ಚುತ್ತಿದ್ದರು. ನಾನು ನನ್ನ ಪಾಲಿನದನ್ನು ಮೆಲ್ಲಗೆ ಉಪ್ಪಿನಕಾಯಿಯ ಮರೆಗೆ ಸರಿಸುತ್ತಿದ್ದೆ. ಹೋಟೆಲ್ ನಡೆಸುವ ಭಾವನ, ಎಂದರೆ ನನ್ನ ಹೆಂಡತಿಯ ಅಣ್ಣನ, ಕಣ್ಣು ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು. "ಎಂತ ಭಾವ, ಮೆಣಸಿಗೆ ಹೆದರಿಕೆಯಾ?" ಬಾಲವಾಡಿಗೆ ಹೋಗುವ ಅವನ ಮಗಳೂ ನಗುತ್ತಿದ್ದಳು. ಅತ್ತೆ ಕಾಯಿ ಅರೆದು ಮಾಡುವ ಕೋಳಿ ಗಸಿಯನ್ನಾದರೂ ಬಿಡದೆ ಉಂಡು, ಬೆವರು ಒರೆಸಿಕೊಂಡು, "ಖಾರ ಹದವಾಗಿ ಉಂಟು" ಎಂದು ನಾನು ಮಾನ ಉಳಿಸಿಕೊಳ್ಳುತ್ತಿದ್ದೆ.

ಶಕ್ತಿನಗರದಲ್ಲಿ ನಮ್ಮ ನೆರೆಯ ಲಾರೆನ್ಸ್ ಪೊರ್ಬುಗಳು ಹಡಗಿನಲ್ಲಿ ಅಡುಗೆಯವರು. ರಜೆಗೆ ಬಂದಾಗ ಊರಿಗೆಲ್ಲ ಸೆಂಟು ಹಂಚಿದವರು ನನಗೆ ಕೊಟ್ಟದ್ದು ಒಂದು ಪೊಟ್ಟಣ ಬೀಜ. "ಜಪಾನಿನ ಮೆಣಸು ಮಾರಾಯ್ರೆ, ಖಾರವೇ ಇಲ್ಲ. ಬೆರಳುದ್ದ, ಮೈಯೆಲ್ಲ ಸುಕ್ಕು, ತುದಿ ಒಳಗೆ ಒತ್ತಿದ ಹಾಗೆ ಇರ್ತದೆ. ಹಸಿರಿರುವಾಗಲೇ ಕೊಯ್ದು, ಸೂಜಿಯಲ್ಲಿ ಒಂದು ತೂತು ಮಾಡಿ ಎಣ್ಣೆಯಲ್ಲಿ ಬಾಡಿಸಿ. ತೂತು ಮಾಡದಿದ್ದರೆ ಸಿಡಿಯುತ್ತದೆ. ಮತ್ತೆ, ನೀರು ಮಾತ್ರ ಕಡಿಮೆ ಮಾಡಬೇಡಿ. ಗಿಡಕ್ಕೆ ಕೋಪ ಬರ್ತದೆ."

ಮಳೆ ನಿಂತ ಮೇಲೆ ತೂತುಬಿದ್ದ ಬಕೆಟ್‌ಗಳಲ್ಲಿ ಬಿತ್ತಿದೆ. ಗಿಡಗಳು ಸೊಗಸಾಗಿ ಬಂದವು. ಆದರೆ ಕಾಯಿ ಹಿಡಿಯುವ ಹೊತ್ತಿಗೆ ಬೇಸಿಗೆ ಬಂತು, ನಳ್ಳಿಯಲ್ಲಿ ನೀರು ದಿನ ಬಿಟ್ಟು ದಿನ. ನನ್ನ ಸ್ನಾನವೋ ಗಿಡದ್ದೋ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ಮಿಂದೆ.

ಮೊದಲ ಕೊಯ್ಲಿನ ಭಾನುವಾರ ಮೆಣಸನ್ನು ಉಳ್ಳಾಲಕ್ಕೇ ಒಯ್ದೆ. ಅತ್ತೆ ಎಣ್ಣೆಯಲ್ಲಿ ಬಾಡಿಸಿ, ಉಪ್ಪು ಉದುರಿಸಿ ತಂದಿಟ್ಟರು. "ಜಪಾನಿನದು" ಎಂದಷ್ಟೇ ಹೇಳಿ, ಒಂದನ್ನು ತೊಟ್ಟು ಹಿಡಿದು ಇಡಿಯಾಗಿ ತಿಂದೆ. ಇನ್ನೊಂದನ್ನೂ ತಿಂದೆ. ಭಾವನ ಕೈಯ ತುತ್ತು ಕೈಯಲ್ಲೇ ನಿಂತಿತು. ಅಬ್ಬಾ, ಎಂಥಾ ಸುಖ! ಮೂರನೆಯದನ್ನು ಅವನ ಮುಖ ನೋಡುತ್ತಲೇ ಕಚ್ಚಿದೆ.

ಗಿಡದ ಕೋಪವೆಲ್ಲ ಅದರಲ್ಲಿತ್ತು. ಕಿವಿಯಲ್ಲಿ ಹೊಗೆ, ಕಣ್ಣಲ್ಲಿ ನೀರು, ಮಾತು ಬಂದ್. ಭಾವ ನಕ್ಕ ಅಬ್ಬರಕ್ಕೆ ಅಂಗಳದ ಕೋಳಿಗಳು ಓಡಿದವು. ಅತ್ತೆ ಮಾತ್ರ ಬೆಲ್ಲದ ತುಂಡು ಹಿಡಿದು ಓಡಿಬಂದರು.

"ಯಾಕೆ ಇದೆಲ್ಲ? ನಿಮಗೆ ಖಾರ ಆಗುದಿಲ್ಲ ಅಂತ ಮಗಳು ಮದುವೆಯಾದ ವರ್ಷವೇ ಹೇಳಿದ್ದಾಳೆ. ಅಂದಿನಿಂದ ನಿಮಗೆ ಗಸಿ ಬೇರೆಯೇ ಮಾಡುದಲ್ವಾ? ಈಗ ಮಗುವಿಗೂ ಅದನ್ನೇ ಬಡಿಸುದು."

ಬೆಲ್ಲ ಚೀಪುತ್ತಾ ಪಕ್ಕಕ್ಕೆ ನೋಡಿದೆ. ಭಾವನ ಆ ಬಾಲವಾಡಿಯ ಮಗು ಅದೇ ಗಸಿಯನ್ನು ಇನ್ನಷ್ಟು ಹಾಕಿಸಿಕೊಳ್ಳುತ್ತಿತ್ತು. ಅದರ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ.