ಹೇಳಿದ್ದು, ಇದ್ದದ್ದು

ಎಲ್ಲಕ್ಕೂ ಮೂಲ ಒಂದು ಫ್ಯಾನು. ಛಾವಣಿಯದಲ್ಲ, ಟೇಪು ಮಾಸ್ತರರ ಹೊಲಿಗೆ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗಿನದು. ಅಂದು ಬೆಳಗ್ಗೆ ಅದು, ಗೊರಕೆ ಹೊಡೆಯುವ ಮುದುಕನಿಗೆ ನಡುವೆ ಕೆಮ್ಮು ಬಂದಂತೆ ಸದ್ದು ಮಾಡಿ, ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

"ರೀ, ಇದು ಇವತ್ತೋ ನಾಳೆಯೋ ಅನ್ನೋ ಹಾಗಿದೆ," ಎಂದರು ಕಾಜಾ ಹಾಕುತ್ತಿದ್ದ ಹೆಂಡತಿ. "ಅದು ಸತ್ರೆ ಅಳತೆ ಎಲ್ಲಾ ಅದರ ಜೊತೆಗೇ ಮಣ್ಣಾಗುತ್ತೆ. ಹಳೇ ಪುಸ್ತಕ ಗೆದ್ದಲು ತಿಂದಾಗ ಮೂರು ದಿನ ಊಟ ಬಿಟ್ಟಿದ್ರಲ್ಲ, ಮರೆತುಹೋಯ್ತಾ?"

ಮರೆತಿರಲಿಲ್ಲ. ಮೇಲಾಗಿ, ಬೀದಿಯ ಅಂಗಡಿಯವರ ಸಂಘದ ಹಾಡುವ ತಂಡಕ್ಕೆ ಭಾನುವಾರದೊಳಗೆ ಹದಿನೆಂಟು ಕಪ್ಪು ಕೋಟು ಹೊಲಿದುಕೊಡಬೇಕಿತ್ತು. ಕೋಟು ಇಪ್ಪತ್ತೆಂದು ಹೇಳುವವರೂ ಉಂಟು. ಬಟ್ಟೆಯನ್ನು ನೋಡಿದವರು ಹದಿನೆಂಟೇ ಎನ್ನುತ್ತಾರೆ. ಎಲ್ಲರೂ ಹಳೆಯ ಗಿರಾಕಿಗಳು. "ಅಳತೆ ನಿಮ್ಮ ಹತ್ರ ಇದ್ದೇ ಇದೆಯಲ್ಲ ಮಾಸ್ತರೇ," ಎಂದು ಹೇಳಿ ಹೋಗಿದ್ದರು.

ಇತ್ತು. ಆದರೆ ಎರಡು ಬಗೆಯಲ್ಲಿ ಇತ್ತು.

ಮಾಸ್ತರರ ಕಸುಬಿನ ಗುಟ್ಟು ಇದು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದೊಡನೆ, ಅದನ್ನು ಓದುವ ಮೊದಲೇ, ಕಿವಿಗೆ ಹಿತವಾಗುವ ಒಂದು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದರು. ಅದನ್ನು ಕೇಳಿದ ಗಿರಾಕಿ ಸಮಾಧಾನದಿಂದ ಉಸಿರು ಬಿಡುವುದು; ಎಳೆದು ಹಿಡಿದಿದ್ದ ಹೊಟ್ಟೆ ತವರಿಗೆ ಬಂದ ಮಗಳಂತೆ ಆರಾಮವಾಗಿ ಕೂರುವುದು; ಆಗ ಟೇಪು ನಿಜ ಹೇಳುವುದು. ಆದ್ದರಿಂದಲೇ ಕಂಪ್ಯೂಟರಿನಲ್ಲಿ 'ಹೇಳಿದ್ದು' ಎಂದೊಂದು ಸಾಲು, 'ಇದ್ದದ್ದು' ಎಂದೊಂದು ಸಾಲು, ಪಕ್ಕದಲ್ಲಿ ನೆನಪಿಗೆ ಒಂದು ಷರಾ. ಔಷಧಿ ಅಂಗಡಿಯವರು: ಹೇಳಿದ್ದು ಮೂವತ್ತಾರು, ಇದ್ದದ್ದು ನಲವತ್ತನಾಲ್ಕು, ಊಟವಾದ ಮೇಲೆ ಗುಂಡಿಯನ್ನು ನಂಬುವಂತಿಲ್ಲ. ಪುಸ್ತಕದಂಗಡಿ ಅಕ್ಕ: ಎಡ ಭುಜ ಇಳಿದಿದೆ, ಬಲ ಭುಜವನ್ನಷ್ಟೇ ಹೊಗಳುವುದು. ಈ ಷರಾಗಳು ಹೊರಬಿದ್ದರೆ ಮಾಸ್ತರರು ಬೀದಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಅಳತೆ ಕಳೆದರೆ ಕೋಟು ಕತ್ತರಿಸುವಂತಿರಲಿಲ್ಲ.

ಹೆಂಡತಿ ತನ್ನ ತಮ್ಮನಿಗೆ ಹೇಳಿಕಳಿಸಿದರು. ಅವನು ಫೋಟೋ ಸ್ಟುಡಿಯೋದವನು. ಬೀದಿಯಲ್ಲಿ ಯಾರ ಕಂಪ್ಯೂಟರು ಸೀನಿದರೂ ಅವನೇ ವೈದ್ಯ.

"ಭಾವ, ಇನ್ಮೇಲೆ ಕ್ಲೌಡಲ್ಲಿ ಇಡೋಣ. ಈ ಡಬ್ಬ ಸುಟ್ಟುಹೋದ್ರೂ ನಿಮ್ಮ ಅಳತೆ ಮೇಲೆ ಭದ್ರವಾಗಿರುತ್ತೆ."

"ಮೋಡ ಕರಗಿದ್ರೆ?"

"ಕರಗಲ್ಲ ಭಾವ. ಇಲ್ಲಿ ನೀವು ಏನು ಮಾಡಿದ್ರೂ ಅಲ್ಲೂ ಹಾಗೇ ಆಗುತ್ತೆ. ಸಿಂಕ್ ಅಂದ್ರೆ ಅದೇ."

ಹೊಸ ಖಾತೆ ತೆರೆಯುವುದೆಂದರೆ ಹತ್ತು ಪ್ರಶ್ನೆ, ಒಂದು ಪಾಸ್‌ವರ್ಡು, ಅದನ್ನು ಮರೆಯದ ಒಬ್ಬ ಮನುಷ್ಯ. ಸ್ಟುಡಿಯೋದಲ್ಲಿ ಗಿರಾಕಿಗಳು ಕಾದಿದ್ದರು. ಭಾಮೈದ ಸಂಘಕ್ಕೆಂದು ಹಿಂದೆ ತಾನೇ ತೆರೆದಿದ್ದ ಖಾತೆಯನ್ನು ಮಾಸ್ತರರ ಕಂಪ್ಯೂಟರಿಗೆ ಜೋಡಿಸಿ, 'ಅಳತೆ' ಎಂಬ ಫೈಲನ್ನು ಅದರೊಳಗೆ ಎಳೆದುಹಾಕಿ, ಹಸಿರು ಗುರುತು ಮೂಡಿದ್ದನ್ನು ತೋರಿಸಿ, ಬಂದ ಗಾಳಿಯಂತೆ ಹೋದ.

ಮಾಸ್ತರರು ಆ ಹಸಿರು ಗುರುತನ್ನು ಮೊಮ್ಮಗುವಿನ ಮೊದಲ ಹಲ್ಲನ್ನು ನೋಡುವಂತೆ ನೋಡುತ್ತ ಕುಳಿತಿರುವಾಗ ಕ್ಷೌರದಂಗಡಿಯವನು ಇಣುಕಿದ.

"ಮಾಸ್ತರೇ, ಸಂಘದ ಫೋಲ್ಡರಿಗೆ 'ಅಳತೆ' ಅಂತ ಏನೋ ಹಾಕಿದ್ದೀರಲ್ಲ, ಎಲ್ಲರ ಫೋನೂ ಟಿಣ್ ಅಂತು. ನನ್ನ ಕೈಯಲ್ಲಿ ಸೋಪಿತ್ತು, ನೋಡೋಕಾಗ್ಲಿಲ್ಲ. ಏನದು?"

ಮಾಸ್ತರರು ಕಂಪ್ಯೂಟರಿಗೆ ಅಡ್ಡವಾಗಿ ನಿಂತರು. "ಅದಾ... ಸಂಘದ ಕೋಣೆ ಕಿಟಕಿ ಪರದೆ ಅಳತೆ."

"ಇರೋದು ಒಂದೇ ಕಿಟಕಿ ಅಲ್ವಾ?"

"ಅದಕ್ಕೇ ಸರಿಯಾಗಿ ಬರೆದಿದ್ದೀನಿ."

ಅವನು ಬೆನ್ನು ತಿರುಗಿಸಿದ ಕೂಡಲೇ ಮಾಸ್ತರರು ಭಾಮೈದನಿಗೆ ಫೋನು ಮಾಡಿದರು. "ನಿನ್ನ ಮೋಡ ಸೋರ್ತಾ ಇದೆ ಕಣೋ. ಬೀದಿ ತುಂಬ ಸೋರ್ತಾ ಇದೆ."

"ಭಾವ, ಇಲ್ಲೊಂದು ಸಂಸಾರ ಅರ್ಧ ಗಂಟೆಯಿಂದ ನಗು ಹಿಡ್ಕೊಂಡು ನಿಂತಿದೆ. ಸಂಜೆ ಬರ್ತೀನಿ, ಅಲ್ಲಿವರೆಗೂ ಮುಟ್ಬೇಡಿ. ಅಳಿಸಿದ್ರೆ ಎಲ್ಲಾ ಕಡೆ ಅಳಿಸಿಹೋಗುತ್ತೆ, ತಿದ್ದಿದ್ರೆ ಎಲ್ಲಾ ಕಡೆ ತಿದ್ದಿಹೋಗುತ್ತೆ."

ತಿದ್ದುವುದು. ಮುಟ್ಟಬೇಡಿ ಎಂಬ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟಿತು. ತಿದ್ದುವುದು ಎಂಬುದು ಮಾತ್ರ ಒಳಗೆ ಉಳಿಯಿತು. ಮೂವತ್ತು ವರ್ಷ ಅವರು ಮಾಡಿದ್ದೇ ಅದನ್ನು. 'ಇದ್ದದ್ದು' ಸಾಲನ್ನೂ ಷರಾಗಳನ್ನೂ ಕತ್ತರಿಸಿ ತೆಗೆದರೆ ಉಳಿಯುವುದು 'ಹೇಳಿದ್ದು' ಒಂದೇ. ಅದನ್ನು ಓದಿ ನೊಂದವರು ಲೋಕದಲ್ಲೇ ಇರಲಾರರು.

ಆದರೆ ಇದ್ದದ್ದನ್ನು ಎಲ್ಲಿಯಾದರೂ ಬರೆದಿಟ್ಟುಕೊಳ್ಳಬೇಕಲ್ಲ. ಪೆನ್ನು ಹುಡುಕಿದರು, ಅದು ಅವರ ಕಿವಿಯ ಮೇಲೆಯೇ ಇದ್ದುದರಿಂದ ಸಿಗಲಿಲ್ಲ. ಕೈಗೆ ಬಂದದ್ದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಕಣ್ಣಿಗೆ ಬಿದ್ದದ್ದು ಮೇಜಿನ ಮೇಲೆ ಹಾಸಿದ್ದ ಕಪ್ಪು ಕೋಟಿನ ಬಟ್ಟೆ. ಶಾಲೆಯ ಹಲಗೆಗಿಂತ ಅದೇನು ಕಡಿಮೆ? ಹದಿನೆಂಟು ಜನರ ಕುತ್ತಿಗೆ, ಭುಜ, ಎದೆ, ಸೊಂಟಗಳನ್ನು ಸಾಲಾಗಿ ಬರೆದರು. ಎರಡು ಸಲ ತಾಳೆ ನೋಡಿದರು. ಬಳಿಕ ಕಂಪ್ಯೂಟರಿನಲ್ಲಿ 'ಇದ್ದದ್ದು' ಸಾಲನ್ನೂ ಷರಾಗಳನ್ನೂ ಅಳಿಸಿದರು. ಹಸಿರು ಗುರುತು ಮೂಡಿತು. ಹೋದ ಜೀವ ಬಂದಂತಾಗಿ, ಮುಖ ತೊಳೆಯಲು ಹಿತ್ತಲಿಗೆ ಹೋದರು.

ತಿರುಗಿ ಬಂದಾಗ ಪುಸ್ತಕದಂಗಡಿಯ ಅಕ್ಕ ನಿಂತಿದ್ದರು. ಮೇಜಿನ ಮೇಲೆ ಬಟ್ಟೆ ಅಚ್ಚುಕಟ್ಟಾಗಿ ಮಡಿಸಿತ್ತು.

"ಅಕ್ಕ ಬಟ್ಟೆ ನೋಡ್ಬೇಕು ಅಂದ್ರು," ಎಂದರು ಹೆಂಡತಿ. "ಮೇಲೆಲ್ಲಾ ಸುಣ್ಣ ಗೀಚಿತ್ತು. ಬ್ರಷ್ ಹಾಕಿ ಜಾಡಿಸಿ, ಒದ್ದೆ ಬಟ್ಟೇಲಿ ಒರೆಸಿ, ಇಸ್ತ್ರೀನೂ ಮಾಡ್ಬಿಟ್ಟೆ. ಈಗ ನೋಡಿ, ಕಾಗೆ ರೆಕ್ಕೆ ಹಾಗೆ ಹೊಳೀತಾ ಇದೆ."

ಮಾಸ್ತರರು ಸ್ಟೂಲಿನ ಮೇಲೆ ಕುಳಿತರು. ಸ್ಟೂಲು ಒಂದು ಗೇಣು ಆಚೆಗಿತ್ತು.

ಸಂಜೆ ಭಾಮೈದ ಬಂದು ಕಂಪ್ಯೂಟರನ್ನು ಹಿಂದೆ ಮುಂದೆ ತಡಕಾಡಿದ. "ಸಾಮಾನ್ಯವಾಗಿ ಹಳೇ ಪ್ರತಿ ಒಂದು ಉಳ್ಕೊಂಡಿರುತ್ತೆ ಭಾವ."

"ಹಾಗಾದ್ರೆ ತೆಗಿ."

"ಜಾಗ ತಿನ್ನುತ್ತೆ ಅಂತ ನಾನೇ ಅದನ್ನ ಬೇಡ ಅಂತ ಮಾಡಿಟ್ಟಿದ್ದೆ."

ಮಾಸ್ತರರು ಅಳತೆಕೋಲಿಗೆ ಕೈ ಹಾಕುವಷ್ಟರಲ್ಲಿ ಹಾಡುವ ತಂಡ ಹದಿನೆಂಟಕ್ಕೆ ಹದಿನೆಂಟೂ ಬಾಗಿಲಲ್ಲಿ ಬಂದು ನಿಂತಿತು. ಎಲ್ಲರ ಮುಂದೆ ಔಷಧಿ ಅಂಗಡಿಯವರು.

"ಮಾಸ್ತರೇ, ಬೆಳಗ್ಗೆ ಟಿಣ್ ಅಂದ ಕೂಡ್ಲೇ ತೆಗೆದು ಓದಿದ್ವಿ. ಇವನೊಬ್ಬನ ಕೈಯಲ್ಲಿ ಸೋಪಿತ್ತಂತೆ. ಉಳಿದ ಹದಿನೇಳು ಜನಾನೂ ಓದಿದ್ವಿ."

ಮಾಸ್ತರರು ಕತ್ತರಿಯನ್ನು ನೋಡಿದರು, ನೆಲವನ್ನು ನೋಡಿದರು.

"ಗುಂಡಿ ನಂಬೋ ಹಾಗಿಲ್ಲ ಅಂತ ಬರೆದಿದ್ರಲ್ಲ," ಔಷಧಿ ಅಂಗಡಿಯವರು ಮುಂದುವರಿಸಿದರು. "ನಮ್ಮನೆಯವಳು ಅದಕ್ಕೆ ಕಟ್ಟು ಹಾಕಿಸಿ ಊಟದ ಮೇಜಿನ ಮೇಲೆ ತೂಗುಹಾಕೋಣ ಅಂತಾಳೆ."

"ನಮ್ಮನೇಲಿ ಕನ್ನಡಿ ಇಲ್ವಾ ಮಾಸ್ತರೇ?" ಎಂದರು ಅಕ್ಕ. "ನನ್ನ ಎಡ ಭುಜದ ಸಮಾಚಾರ ನನಗೆ ಗೊತ್ತಿಲ್ವಾ? ಮೂವತ್ತು ವರ್ಷ ನಮ್ಮ ಮಾನ ಕಾಯ್ದಿದ್ದೀರಿ. ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗೋಣ?"

ಮಾಸ್ತರರ ಕಣ್ಣು ತುಂಬಿತು. ನಡೆದದ್ದನ್ನು ಸುಣ್ಣದ ಪುಡಿಯೂ ಬಿಡದಂತೆ ಹೇಳಿದರು. ಎಲ್ಲರೂ ನಕ್ಕರು, ಹೆಂಡತಿ ಮಾತ್ರ ಇಸ್ತ್ರಿಪೆಟ್ಟಿಗೆಯನ್ನು ಕಾಲಿಂದ ಮೇಜಿನ ಕೆಳಕ್ಕೆ ಸರಿಸಿದರು.

"ಅಷ್ಟೇ ತಾನೆ? ಈಗಲೇ ಮತ್ತೆ ಅಳೀರಿ," ಎಂದರು ಔಷಧಿ ಅಂಗಡಿಯವರು. "ಆದ್ರೆ ಒಂದು ತೀರ್ಮಾನ ಮಾಡಿದ್ದೀವಿ. ನಿಮಗಿನ್ನು ಎರಡೆರಡು ಸಾಲು ಬರೆಯೋ ಕಷ್ಟ ಬೇಡ. ನಿಜಾನೇ ಕೂಗಿ, ಎಲ್ಲರ ಎದುರಿಗೇ ಕೂಗಿ. ಎಲ್ಲರ ಫೋನಲ್ಲೂ ಬರಲಿ. ನಮ್ಮ ನಮ್ಮಲ್ಲಿ ಏನು ಮುಚ್ಚುಮರೆ?"

ಹದಿನೆಂಟು ಜನ ಸಾಲು ನಿಂತರು. ಭಾಮೈದ ಅಂಕಿ ಒತ್ತಲು ಕುಳಿತ. ಮಾಸ್ತರರು ಔಷಧಿ ಅಂಗಡಿಯವರ ಸೊಂಟಕ್ಕೆ ಟೇಪು ಸುತ್ತಿ, ರೂಢಿ ತಪ್ಪಿಸಿ, ಏನನ್ನೂ ಕೂಗದೆ ಓದಿದರು. ಮೂವತ್ತಾರು. ಕನ್ನಡಕ ಒರೆಸಿ ಮತ್ತೆ ಓದಿದರು. ಮೂವತ್ತಾರೇ.

"ಸ್ವಲ್ಪ ಉಸಿರು ಬಿಡಿ ಸ್ವಾಮಿ."

"ಬಿಟ್ಟಿದ್ದೀನಿ," ಎಂದರು ಅವರು, ಉಸಿರಿಲ್ಲದ ದನಿಯಲ್ಲಿ. ಹೊಟ್ಟೆ ಬೆನ್ನಿನ ಹಿಂದೆ ಎಲ್ಲೋ ಅಡಗಿತ್ತು.

ಬಳಿಕ ಬಂದ ಅಕ್ಕನ ಎಡ ಭುಜ ಬಲ ಭುಜಕ್ಕಿಂತ ಅರ್ಧ ಇಂಚು ಮೇಲಿತ್ತು. ಕ್ಷೌರದಂಗಡಿಯವನು ಕಡಲೆಕಾಯಿಯಂತೆ ನಡುವಿನಲ್ಲಿ ಸಣ್ಣಗಾಗಿ, ಮುಖ ಕೆಂಪೇರಿ ನಿಂತಿದ್ದ. ಹದಿನೇಳು ಜನ ನೋಡುತ್ತಿರುವಾಗ ಹದಿನೆಂಟನೆಯವರ ಹೊಟ್ಟೆ ಹೊರಗೆ ಬರುವುದಾದರೂ ಹೇಗೆ? ಬಂದವರೆಲ್ಲರ ಅಳತೆಯೂ ಹೀಗೆಯೇ ಆಯಿತು.

ಕೊನೆಯ ಅಂಕಿಯನ್ನು ಒತ್ತಿದ ಭಾಮೈದ ಪರದೆಯನ್ನು ಹೆಮ್ಮೆಯಿಂದ ತಿರುಗಿಸಿದ. "ನೋಡಿ ಭಾವ, ಎಂಥಾ ಆಶ್ಚರ್ಯ. ಹೇಳಿದ್ದು, ಇದ್ದದ್ದು, ಎರಡೂ ಒಂದೇ ಆಗ್ಬಿಟ್ಟಿದೆ. ಪಕ್ಕಾ ಸಿಂಕ್."

ಹದಿನೆಂಟು ಫೋನುಗಳು ಟಿಣ್ ಎಂದವು. ಮಾಸ್ತರರು ಹಸಿರು ಗುರುತನ್ನು ನೋಡಿದರು, ಕಪ್ಪು ಬಟ್ಟೆಯನ್ನು ನೋಡಿದರು. ಭಾನುವಾರ ಇವರೆಲ್ಲ ಕೋಟು ತೊಟ್ಟು ಒಟ್ಟಿಗೆ ಹಾಡಲೇಬೇಕಿತ್ತು. ಉಸಿರು ಹಿಡಿದು ಹಾಡಿದವರನ್ನು ಯಾರೂ ಕಂಡಿಲ್ಲ.

"ಗುಂಡಿ ಹೊಲಿಯೋ ದಾರ ಎಷ್ಟಿದೆಯೇ?" ಎಂದು ಮೆಲ್ಲಗೆ ಹೆಂಡತಿಯನ್ನು ಕೇಳಿದರು.